ಕಣ್ಣು ಬಿಟ್ಟು ಮಲಗುವ ಲ್ಯಾಪ್‌ಟಾಪ್

ತೆರೆದದ್ದನ್ನು ಮುಚ್ಚುವ ಚಾಳಿ ನನ್ನದು. ಡಬ್ಬಿ, ಕಿಟಕಿ, ಕೊಡೆ, ಕತ್ತರಿ ಯಾವುದನ್ನೂ ಬಾಯಿ ಬಿಟ್ಟ ಹಾಗೆಯೇ ಬಿಟ್ಟು ಏಳಲಾರೆ. ನನ್ನ ಮನೆಯಲ್ಲಾದರೆ ಸರಿ, ಪರರ ಮನೆಯಲ್ಲೂ ಸುಮ್ಮನಿರುವುದಿಲ್ಲ. ಒಮ್ಮೆ ಮದುವೆಯೂಟಕ್ಕೆ ಹೋದಾಗ ಯಾರೋ ತೆರೆದಿಟ್ಟಿದ್ದ ಉಪ್ಪಿನಕಾಯಿ ಭರಣಿಯನ್ನು ಬಿಗಿಯಾಗಿ ಮುಚ್ಚಿಟ್ಟು, ಬಡಿಸುವವನಿಂದ ಮೂರು ಪಂಕ್ತಿಗೆ ಕೇಳುವ ಹಾಗೆ ಬೈಸಿಕೊಂಡಿದ್ದೇನೆ. ಇದು ಅಮ್ಮ ಅಂಟಿಸಿದ ಚಾಳಿ. ಪುಸ್ತಕ ತೆರೆದಿಟ್ಟು ಆಟಕ್ಕೆ ಓಡಿದರೆ ಅಡುಗೆಮನೆಯಿಂದಲೇ "ಸೈತಾನ್ ವಾಚ್ತಾ ರೇ!" ಎಂದು ಕೊಂಕಣಿಯಲ್ಲಿ ಕೂಗುತ್ತಿದ್ದಳು. ನೀನು ಬಿಟ್ಟುಹೋದ ಪುಸ್ತಕವನ್ನು ಸೈತಾನ ಓದುತ್ತಾನೋ ಎಂದರ್ಥ. ನನ್ನ ಲೆಕ್ಕದ ಪುಸ್ತಕ ಓದಿ ಅವನಾದರೂ ಪಾಸಾಗಲಿ ಎಂದು ನನಗೆ ಒಳಗೊಳಗೇ ಆಸೆಯಿತ್ತು. ಆದರೂ ಹೆದರಿ ವಾಪಸು ಬಂದು ಮುಚ್ಚಿಯೇ ಹೋಗುತ್ತಿದ್ದೆ.

ಇಷ್ಟು ಸಣ್ಣ ಚಾಳಿಯಿಂದ ಐವತ್ತೆಂಟರ ಪ್ರಾಯದಲ್ಲಿ ನನ್ನ ಮರ್ಯಾದೆ ಹೋಗುವ ಹೊತ್ತು ಬಂತು ನೋಡಿ. ಹೇಳುತ್ತೇನೆ. ನಗುವುದಾದರೆ ಕೊನೆಗೆ ನಗಿ.

ಮೊದಲು ನಾನು ಯಾರು ಎಂದು ಹೇಳಿಬಿಡುವುದು ಒಳ್ಳೆಯದು. ಮಂಗಲ್ಪಾಡಿಯಲ್ಲಿ ಹೈವೇ ಬದಿಯ ಕಟ್ಟಡವೊಂದರ ಮಾಳಿಗೆಯಲ್ಲಿ ಎರಡು ಕೋಣೆ, ಅದರಲ್ಲಿ ನಾನೊಬ್ಬನೇ. ಮದುವೆಯಾಗಿಲ್ಲ. ಊರವರಿಗೆ ನಾನು ಪೊರ್ಬುಗಳು. ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆ ಕೊಟ್ಟು ಕರೆಯುವುದು ಹಾಗೆ. ಮೊದಲು ಪ್ರೆಸ್ಸೊಂದರಲ್ಲಿ ಕನ್ನಡ ಟೈಪ್ ಮಾಡಿಕೊಂಡು, ಕಾಗುಣಿತದ ತಪ್ಪು ತಿದ್ದಿಕೊಂಡು ಇದ್ದೆ. ಪ್ರೆಸ್ಸು ಮುಚ್ಚಿದ ಮೇಲೆ ಮಲಯಾಳದಿಂದ ಕನ್ನಡಕ್ಕೆ ಅನುವಾದಿಸುವ ಕೆಲಸ ಹಿಡಿದೆ. ನಮ್ಮದು ಕೇರಳ. ಶಾಲೆಯ ವರ್ಕ್‌ಶೀಟು, ಅಧ್ಯಾಪಕರ ಕೈಪುಸ್ತಕ, ಎಲ್ಲ ಮಲಯಾಳದಲ್ಲೇ ಹುಟ್ಟುತ್ತವೆ. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅವನ್ನು ಯಾರಾದರೂ ಕನ್ನಡಕ್ಕೆ ತರಬೇಕು. ಆ ಯಾರಾದರೂ ಎಂಬವನು ನಾನು.

ಹೊರಗಿನವರು ಇದನ್ನು ಸುಲಭ ಎಂದುಕೊಳ್ಳುತ್ತಾರೆ. ಎರಡೂ ಭಾಷೆಯಲ್ಲಿ ಒಂದೇ ಶಬ್ದ ಇರುವಾಗ ಎಂತ ಕಷ್ಟ ಎಂದು ಕೇಳುತ್ತಾರೆ. ಅದೇ ಮಾರಾಯ್ರೆ ಕಷ್ಟ! ಮಲಯಾಳದ ಅವಕಾಶ ಎಂದರೆ ಕನ್ನಡದಲ್ಲಿ ಹಕ್ಕು. ಅವರ ಅವಸರ ಎಂದರೆ ನಮ್ಮ ಅವಕಾಶ. ಹೊಸದರಲ್ಲಿ ನಾನೊಮ್ಮೆ "ಮಕ್ಕಳಿಗೆ ಮಾತಾಡಲು ಅವಸರ ಕೊಡಿ" ಎಂದು ಹಾಗೆಯೇ ಇಳಿಸಿಬಿಟ್ಟೆ. ಅದು ಅಚ್ಚಾಗಿ ಶಾಲೆಗೆ ಹೋಗಿದ್ದರೆ ಮೇಷ್ಟ್ರುಗಳು ಬೆತ್ತ ಹಿಡಿದು "ಬೇಗ ಬೇಗ ಮಾತಾಡಿ" ಎನ್ನುತ್ತಿದ್ದರೋ ಏನೋ. ಅಂದಿನಿಂದ ನನಗೆ ಈ ಮುಖವಾಡದ ಶಬ್ದಗಳೆಂದರೆ ಹುಚ್ಚು. ಎಲ್ಲಿ ಕಂಡರೂ ಹಿಡಿದು ತಿದ್ದುತ್ತೇನೆ. ಬಸ್ಸಿನ ಬೋರ್ಡನ್ನೂ ಬಿಡುವುದಿಲ್ಲ.

ಆ 'ಅವಸರ'ವನ್ನು ಹಿಡಿದವರು ರಮಣಿ ಟೀಚರ್. ನಾನು ಅನುವಾದಿಸಿದ್ದನ್ನು ಮಲಯಾಳದ ಮೂಲಕ್ಕೆ ಹೋಲಿಸಿ ನೋಡುವ ಕೆಲಸ ಅವರದು. ಮನೆಮಾತು ಮಲಯಾಳ. ಕೇರಳದ ತೆಂಕಣದಿಂದ ಟೀಚರಾಗಿ ನಮ್ಮ ಜಿಲ್ಲೆಯ ಕಾರಡ್ಕಕ್ಕೆ ಬಂದವರು ರಿಟೈರಾದ ಮೇಲೂ ಅಲ್ಲೇ ಉಳಿದರು. ಗಂಡ ತೀರಿಕೊಂಡಿದ್ದಾರೆ. ಕನ್ನಡವನ್ನು ಅಕ್ಕಪಕ್ಕದವರಿಂದ ಕಲಿತದ್ದು. ಅವರ ಮುಖವನ್ನು ನಾನು ಈವರೆಗೆ ನೋಡಿಲ್ಲ. ಪರೀಕ್ಷೆಯ ಪ್ರಶ್ನೆಗಳೂ ನಮ್ಮ ಕೈಯಲ್ಲಿ ಹಾದುಹೋಗುವುದರಿಂದ ಫೋನ್ ನಂಬರು ಕೊಟ್ಟು ತೆಗೆದುಕೊಳ್ಳುವ ಹಾಗಿಲ್ಲ, ಮಾತೆಲ್ಲ ಕೆಲಸದ ಪ್ರೋಗ್ರಾಮಿನೊಳಗೇ ಆಗಬೇಕು. ಪರದೆಯ ಎಡಕ್ಕೆ ಕೆಲಸದ ಹಾಳೆ, ಬಲಕ್ಕೆ ಅಂಗೈಯಷ್ಟು ಅಗಲದ ಮಾತಿನ ಕಿಟಕಿ. ಯಾರು ಕೆಲಸದಲ್ಲಿದ್ದಾರೋ ಅವರ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ.

ಆ ಕಿಟಕಿಯಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ತಪ್ಪದೆ ಬರುತ್ತಿತ್ತು: "ಊಟ ಆಯ್ತಾ ಮಾಷೇ? ಎಂತ ಪದಾರ್ಥ?" ಮಾಷ್ ಎಂದರೆ ಮೇಷ್ಟ್ರು. ನಾನು ಒಂದು ದಿನವೂ ಪಾಠ ಮಾಡಿದವನಲ್ಲ. ಹಾಗೆಂದು ಹೇಳಿದ್ದಕ್ಕೆ, "ನನ್ನ ಕನ್ನಡ ತಿದ್ದುವವರು ನೀವೇ ಅಲ್ವಾ, ಮತ್ತೆ ಮಾಷ್ ಅಲ್ಲದೆ ಯಾರು?" ಎಂದರು. ನಾನು ಬಂಗುಡೆ ಮೀನಿನ ಸಾರು ಎಂದರೆ ಅವರು ಅವಿಯಲ್ ಎನ್ನುವರು. ಇಷ್ಟೇ. ಇದಕ್ಕಿಂತ ದೊಡ್ಡ ವಿಷಯ ನಾವು ಮಾತಾಡಿದ್ದು ಕಡಿಮೆ. ಆದರೆ ಸತ್ಯ ಹೇಳಿಬಿಡುತ್ತೇನೆ, ದಿನಕ್ಕೊಮ್ಮೆ ನನ್ನನ್ನು ಊಟ ಆಯ್ತಾ ಎಂದು ಕೇಳುತ್ತಿದ್ದದ್ದು ಈ ಭೂಮಿಯ ಮೇಲೆ ಅವರೊಬ್ಬರೇ. ಎರಡು ಬಂಗುಡೆ ಹುರಿದುಕೊಂಡರೆ ಸಾಕಾಗುವಲ್ಲಿ ಮಸಾಲೆ ಅರೆದು ಸಾರು ಮಾಡುತ್ತಿದ್ದದ್ದು ಕೂಡ, ಕೇಳಿದರೆ ಹೇಳಲಿಕ್ಕೆ ಏನಾದರೂ ಇರಲಿ ಎಂದೇ.

ಹಳೆಯ ಕಂಪ್ಯೂಟರು ಮಳೆಗಾಲ ಶುರುವಾಗುವಾಗ ಸತ್ತಿತು. ಹೊಸ ಲ್ಯಾಪ್‌ಟಾಪ್ ತಂದೆ. ಕೆಳಗೆ ಮೆಟ್ಟಿಲ ಬುಡದಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟಿರುವ ಹಮೀದಿಚ್ಚ ಅದನ್ನು ಸರಿಮಾಡಿ ಕೊಟ್ಟು, "ದಿನಾ ಬಂದ್ ಮಾಡ್ಬೇಕೂಂತ ಇಲ್ಲ ಪೊರ್ಬುಗಳೇ. ಮುಚ್ಚಿದ್ರೆ ಮಲಗ್ತದೆ, ತೆರೆದ್ರೆ ಏಳ್ತದೆ" ಎಂದರು. ಮುಚ್ಚುವುದೆಂದರೆ ನನಗೆ ಹೇಳಿಕೊಡಬೇಕೇ? ಅನ್ನಕ್ಕೆ ಎದ್ದರೆ ಮುಚ್ಚಿದೆ, ಬಾಗಿಲು ಬಡಿದರೆ ಮುಚ್ಚಿದೆ, ಸೀನು ಬಂದರೂ ಮುಚ್ಚಿದೆ. ಅಮ್ಮ ಇದ್ದಿದ್ದರೆ ಖುಷಿಪಡುತ್ತಿದ್ದಳು.

ಒಂದು ಗುರುವಾರ ಮಧ್ಯಾಹ್ನ ಹೀಗೆ ಮುಚ್ಚಿ ಎದ್ದವನು ತಿರುಗಿ ತೆರೆದಾಗ ಟೀಚರ ಮಾತು ಬಂದಿರಲಿಲ್ಲ. ಏನೋ ಕೆಲಸವಿರಬೇಕು ಎಂದುಕೊಂಡೆ. ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ನಾನಾಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಎಷ್ಟೋ ವರ್ಷ ಒಬ್ಬನೇ ಇದ್ದವನಿಗೆ ಒಂದು ಕೆಟ್ಟ ಜಂಬ ಬಂದಿರುತ್ತದೆ. ಕೇಳಿದರೆ ಹೇಳುವ, ಕೇಳದಿದ್ದರೆ ನಾವೇಕೆ ಮೇಲೆ ಬಿದ್ದು ಹೋಗಬೇಕು ಎಂಬ ಜಂಬ. ಆ ಮೂರು ದಿನ ಗಂಜಿ, ಉಪ್ಪಿನಕಾಯಿ.

ಮಾತಾಡಲು ಬೇರೆಡೆ ಹೋಗುವ ಎಂದರೆ ಹೈವೇ ಈಗ ಆರು ಪಥದ್ದು. ಮೊದಲಾದರೆ ನಾಲ್ಕು ಹೆಜ್ಜೆ ಹಾಕಿ ಆಚೆ ಬದಿಯ ಹೋಟೆಲಿಗೆ ದಾಟಿದರೆ ನಾಲ್ಕು ಪರಿಚಿತರು ಸಿಗುತ್ತಿದ್ದರು. ಈಗ ಅಂಡರ್‌ಪಾಸ್‌ವರೆಗೆ ನಡೆದು, ನುಸುಳಿ, ಪುನಃ ಅಷ್ಟೇ ವಾಪಸು ನಡೆಯಬೇಕು. ಒಂದು ಚಾಯಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ? ಎದುರಿನ ಜನ ಕೈಗೆ ಸಿಗದೆ ಕಣ್ಣಿಗೆ ಮಾತ್ರ ಕಾಣುವ ಹಾಗಾಗಿದ್ದಾರೆ.

ಸಂಜೆಯಾದರೆ ಇನ್ನೂ ಕಷ್ಟ. ನಮ್ಮ ಮನೆಗಳಲ್ಲಿ ಸಂಜೆಗೆ ತೇರ್ಸ್ ಎಂದು ಜಪಮಾಲೆಯ ಪ್ರಾರ್ಥನೆ ಉಂಟು. ಅದು ಒಬ್ಬರು ಹೇಳುವ ಪ್ರಾರ್ಥನೆಯಲ್ಲ. ಒಬ್ಬರು ಮೊದಲ ಅರ್ಧ ಹೇಳಿದರೆ ಉಳಿದವರೆಲ್ಲ ಕೂಡಿ ಮಿಕ್ಕ ಅರ್ಧ ಹೇಳಬೇಕು. ಸಣ್ಣಂದಿನಲ್ಲಿ ನಾವು ಐದು ಮಕ್ಕಳು ಮೊಣಕಾಲೂರಿ, ತೂಕಡಿಸುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಆ ಅರ್ಧವನ್ನು ನುಂಗಿ ನುಂಗಿ ಹೇಳುತ್ತಿದ್ದೆವು. ಮುಗಿದ ಮೇಲೆ ದೊಡ್ಡವರ ಮುಂದೆ ಕೈಜೋಡಿಸಿ "ಬೆಸಾಂವ್ ದೀ" ಎಂದು ಆಶೀರ್ವಾದ ಕೇಳುವುದು. ಅಮ್ಮ ತಲೆಗೆ ಕೈ ಇಟ್ಟು, ತೂಕಡಿಸಿದವನಿಗೆ ಅದೇ ಕೈಯಲ್ಲಿ ಒಂದು ಮೊಟಕುತ್ತಿದ್ದಳು. ಈಗ ಮೊದಲ ಅರ್ಧವೂ ನಾನೇ, ಮಿಕ್ಕ ಅರ್ಧವೂ ನಾನೇ. ಮುಗಿದ ಮೇಲೆ ಆಶೀರ್ವಾದ ಕೇಳಲಿಕ್ಕೂ ಜನವಿಲ್ಲ, ಕೊಡಲಿಕ್ಕೂ ಇಲ್ಲ. ಆ ಶನಿವಾರ ಮೊದಲ ಅರ್ಧ ಹೇಳಿ ಅಲ್ಲಿಗೇ ನಿಲ್ಲಿಸಿದೆ. ಜಪಮಾಲೆಯನ್ನು ಮೊಳೆಗೆ ಸಿಕ್ಕಿಸಿ ಎದ್ದುಬಿಟ್ಟೆ.

ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದೆ. ಪರದೆಯ ಮೂಲೆಯಲ್ಲಿ, ಕೆಳಗಿನಿಂದ ತಲೆ ಹಾಕಿದ ಹಾಗೆ, ಒಂದು ಸಣ್ಣ ಚೀಟಿ ಮೇಲೆದ್ದಿತು. ರಮಣಿ ಟೀಚರ್ ಎಂಬ ಹೆಸರು. ಅದರ ಕೆಳಗೆ ಒಂದೇ ಸಾಲು.

"ನನ್ನೊಟ್ಟಿಗೆ ಸಂಸಾರ ಮಾಡಲು ಇಷ್ಟ ಇಲ್ಲವಾ ಮಾಷೇ?"

ಎರಡು ಸಲ ಕಣ್ಣುಜ್ಜಿಕೊಂಡು ಓದುವುದರೊಳಗೆ ಚೀಟಿ ಮಾಯವಾಯಿತು. ಮಾತಿನ ಕಿಟಕಿಯಲ್ಲಿ ಹುಡುಕಿದರೆ ಅಲ್ಲಿ ಬುಧವಾರದವರೆಗಿನ ಹಳೆಯ ಮಾತುಗಳೇ. ಆದರೆ ನಾನು ಓದಿದ್ದು ಸುಳ್ಳಲ್ಲ. ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದೆ.

ಎಂತ ಧೈರ್ಯ ಈ ಹೆಂಗಸಿಗೆ! ಮೊದಲು ಸಿಟ್ಟು ಬಂತು. ಆಮೇಲೆ ಎದ್ದು ಹೋಗಿ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಗಡ್ಡ ನಾಲ್ಕು ದಿನದ್ದು. ಬೋಳಿಸಿದೆ. ಅಂಗಿಯ ಕಾಲರು ಸವೆದಿತ್ತು, ಬದಲಾಯಿಸಿದೆ. ಮಾಳಿಗೆಯಲ್ಲಿ ಒಬ್ಬನೇ ಕೂತು ಕೆಲಸ ಮಾಡುವವನು ಯಾರಿಗೆ ತೋರಿಸಲು ಇಸ್ತ್ರಿ ಅಂಗಿ ಹಾಕಿಕೊಂಡನೋ ದೇವರಿಗೇ ಗೊತ್ತು. ಪ್ರಾಯದಲ್ಲಿ ನನಗೂ ನಾಲ್ಕಾರು ಸೊಯ್ರಿಕ್, ಅಂದರೆ ಸಂಬಂಧ, ಬಂದಿದ್ದವು. ತಂಗಿಯಂದಿರ ಮದುವೆ ಮುಗಿಯಲಿ, ನೋಡುವ ಎಂದೆ. ಪ್ರೆಸ್ಸಿನಲ್ಲಿ ಕೆಲಸ ಗಟ್ಟಿಯಾಗಲಿ, ನೋಡುವ ಎಂದೆ. ಅಮ್ಮ ಹೋದ ಮೇಲೆ ನೋಡುವ ಎನ್ನಲಿಕ್ಕೂ ಯಾರೂ ಕೇಳಲಿಲ್ಲ. ಊರ ಮದುವೆಯ ಕಾಗದಗಳನ್ನೆಲ್ಲ ಟೈಪು ಮಾಡಿ, ತಪ್ಪು ತಿದ್ದಿ, ಇದ್ದ ಹಾಗೆಯೇ ಉಳಿದೆ.

ಮಧ್ಯಾಹ್ನದ ಹೊತ್ತಿಗೆ ಸಿಟ್ಟು ಇಳಿದು ಬೇರೆ ಚಿಂತೆ ಹತ್ತಿತು. ಇಗರ್ಜಿಯಲ್ಲಿ ಫಾದರಿಗೆ ಎಂತ ಹೇಳುವುದು? ಅವರು ಮೀನು ಮುಟ್ಟುತ್ತಾರೋ ಇಲ್ಲವೋ? ನಾನು ಕಾರಡ್ಕಕ್ಕೆ ಹೋಗುವುದೋ, ಅವರು ಇಲ್ಲಿಗೆ ಬರುವುದೋ? ಇಲ್ಲಿಗಾದರೆ ಎರಡು ಕೋಣೆ ಸಾಕಾದೀತೇ? ನೋಡಿ, ಎಲ್ಲಿಗೆ ಹೋಗಿ ಮುಟ್ಟಿದ್ದೆ! ಮುಚ್ಚಿಟ್ಟು ಏನಾಗಬೇಕಾಗಿದೆ, ನನಗೆ ಸಂತೋಷವಾಗಿತ್ತು. ಹೆದರಿಕೆಯೂ ಆಗಿತ್ತು, ಆದರೆ ಸಂತೋಷದ ತೂಕವೇ ಜಾಸ್ತಿ.

ಸಂಜೆ ನಾಲ್ಕಕ್ಕೆ ಉತ್ತರ ಬರೆದೆ. ಹನ್ನೊಂದು ಸಲ ಅಳಿಸಿ ಬರೆದದ್ದು ಕೊನೆಗೆ ಇಷ್ಟಾಯಿತು: "ಇಷ್ಟ ಉಂಟು ಟೀಚರ್. ಈ ಪ್ರಾಯದಲ್ಲಿ ಯಾರಾದರೂ ಕೇಳಿಯಾರು ಎಂದು ನಾನು ಎಣಿಸಿರಲಿಲ್ಲ. ಇಷ್ಟು ವರ್ಷ ಒಬ್ಬನೇ ಇದ್ದು ನನಗೆ ಅಭ್ಯಾಸ ಇಲ್ಲ. ತಪ್ಪಿದರೆ ಸಹಿಸಿಕೊಳ್ಳಬೇಕು." ಕಣ್ಣು ಮುಚ್ಚಿ ಒತ್ತಿದೆ. ಸಾಲಿನ ಪಕ್ಕದಲ್ಲಿ ಒಂದು ಪುಟ್ಟ ಗಡಿಯಾರದ ಗುರುತು ಬಂದು ಕೂತಿತು. ಟೀಚರು ಸಮಯ ತೆಗೆದುಕೊಂಡು ಉತ್ತರಿಸುತ್ತಾರೆ ಎಂದು ಅದರ ಅರ್ಥ ಮಾಡಿಕೊಂಡೆ. ಮರ್ಯಾದಸ್ಥ ಪ್ರೋಗ್ರಾಮು ಎಂದು ಮೆಚ್ಚಿಕೊಂಡೆ ಕೂಡ.

ಮಂಗಳವಾರವಿಡೀ ಗಡಿಯಾರ ಅಲ್ಲಾಡಲಿಲ್ಲ. ಅವರ ಹೆಸರಿನ ಮುಂದೆ ಹಸಿರು ಚುಕ್ಕೆ ಮಾತ್ರ ಹೊಳೆಯುತ್ತಲೇ ಇತ್ತು. ಇದ್ದಾರೆ, ಓದಿದ್ದಾರೆ, ಉತ್ತರಿಸುವುದಿಲ್ಲ. ಕೇಳಿದ್ದು ಅವರೇ, ಈಗ ಸುಮ್ಮನಿರುವುದೂ ಅವರೇ. ಆಗ ಎಲ್ಲೋ ಒಂದು ಸಂಶಯ ಹುಟ್ಟಿತು. ತಪ್ಪು ಟೀಚರದ್ದಲ್ಲ, ಈ ಪೆಟ್ಟಿಗೆಯದ್ದಾಗಿರಬಹುದೇ? ಪ್ರೂಫ್ ನೋಡಿದವನ ಬುದ್ಧಿ ಬಿಡುತ್ತದೆಯೇ, ಪರೀಕ್ಷೆಗೆ ಇಳಿದೆ. ಮುಚ್ಚಿ ಐದು ನಿಮಿಷ ಬಿಟ್ಟು ತೆರೆದೆ. ಮುಚ್ಚಿ ಅರ್ಧ ಗಂಟೆ ಬಿಟ್ಟು ತೆರೆದೆ. ಮುಕ್ಕಾಲು ಮುಚ್ಚಿ, ಒಳಗೆ ದೀಪ ಆರುತ್ತದೋ ಎಂದು ಕುತ್ತಿಗೆ ಓರೆ ಮಾಡಿ ಇಣುಕಿದೆ. ತಲೆಬುಡ ತಿಳಿಯಲಿಲ್ಲ, ಕುತ್ತಿಗೆ ಮಾತ್ರ ಹಿಡಿದುಕೊಂಡಿತು.

ಬುಧವಾರ ಹಮೀದಿಚ್ಚ ತಾವೇ ಮೆಟ್ಟಿಲು ಹತ್ತಿ ಬಂದರು.

"ಎಂತ ಪೊರ್ಬುಗಳೇ, ನಿನ್ನೆಯಿಂದ ಮೇಲೆ ಟಪ್ ಟಪ್ ಅಂತ ಕೇಳ್ತಾ ಉಂಟು? ತೆಂಗಿನಕಾಯಿ ಒಡೀತಾ ಇದ್ದೀರಾ?"

ವಿಷಯ ಹೇಳಿದೆ. ಎಲ್ಲ ವಿಷಯ ಅಲ್ಲ, ಪೆಟ್ಟಿಗೆಯ ವಿಷಯ ಮಾತ್ರ. ಅವರು ಪರದೆಯ ತೀರಾ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲನ್ನು ಬೆರಳಲ್ಲಿ ತೋರಿಸಿದರು.

"ಇಲ್ಲಿ ಎಂತ ಬರೆದಿದೆ, ಓದಿ ನೋಡುವ."

"ಕೊನೆಯ ಸಂಪರ್ಕ, ಗುರುವಾರ, ಹನ್ನೆರಡು ಹತ್ತು" ಎಂದು ಓದಿದೆ.

"ಇವತ್ತು ಯಾವ ವಾರ?"

"ಬುಧವಾರ."

"ಮತ್ತೆ! ಇದು ಎದ್ದೇ ಇಲ್ಲ ಮಾರಾಯ್ರೆ. ಕಣ್ಣು ಬಿಟ್ಟುಕೊಂಡು ಮಲಗಿದೆ."

ಆಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಮುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಮಲಗುತ್ತದೆ, ಆಚೆ ಕಡೆಗೆ ಹೇಳಿ ಮಲಗುವುದಿಲ್ಲ. ಹಾಗಾಗಿ ಅಲ್ಲಿ ನನ್ನ ಚುಕ್ಕೆ ಹಸಿರಾಗಿಯೇ ಉಳಿಯುತ್ತದೆ. ಹತ್ತು ಸಲ ಸರಿಯಾಗಿ ಎದ್ದರೂ ಒಂದು ಸಲ ಹೀಗಾಗುತ್ತದೆ: ಉಳಿದದ್ದೆಲ್ಲ ಎಚ್ಚರ, ಈ ಪ್ರೋಗ್ರಾಮಿಗೆ ಮಾತ್ರ ಇನ್ನೂ ಗುರುವಾರ, ಇಲ್ಲಿ ಕಾಣುವ ಹಸಿರೂ ಗುರುವಾರದ್ದೇ. ಮೂಲೆಯಲ್ಲಿ ಚೀಟಿ ತೋರಿಸುವುದು ಬೇರೆ ದಾರಿಯಿಂದ, ಅದೂ ಕೊನೆಯ ಒಂದು ಮಾತು ಮಾತ್ರ, ಕಣ್ಣಿಗೆ ಬಿದ್ದರೆ ಬಿತ್ತು.

"ಹಾಗಾದರೆ ಈ ಗಡಿಯಾರ?"

"ಅದು ಹೋಗ್ಲೇ ಇಲ್ಲ. ಇಲ್ಲಿಯೇ ಕೂತಿದೆ. ಪ್ರೋಗ್ರಾಮನ್ನು ಪೂರಾ ಬಂದ್ ಮಾಡಿ ಪುನಃ ತೆರೀರಿ. ಬರ್ಬೇಕಾದ್ದು ಬರ್ತದೆ, ಹೋಗ್ಬೇಕಾದ್ದು ಹೋಗ್ತದೆ. ಇನ್ನು ಮುಚ್ಚಿದ್ರೂ ಮಲಗದ ಹಾಗೆ ಮಾಡಿದ್ದೇನೆ." ಕೆಳಗಿನಿಂದ ಯಾರೋ ಗಿರಾಕಿ ಕರೆದರು, ಹಮೀದಿಚ್ಚ ಇಳಿದು ಹೋದರು.

ಬಂದ್ ಮಾಡಿದೆ. ತೆರೆದೆ. ಕಿಟಕಿಯೊಳಗೆ ಐದು ದಿನದ ಮಾತುಗಳು ಒಂದರ ಕೆಳಗೊಂದು ಬಂದು ಬೀಳತೊಡಗಿದವು.

ಗುರುವಾರ: "ಊಟ ಆಯ್ತಾ ಮಾಷೇ? ಎಂತ ಪದಾರ್ಥ?"

ಶುಕ್ರವಾರ: "ಹಸಿರು ಕಾಣ್ತದೆ, ಮಾತಿಲ್ಲ. ಕೆಲಸ ಉಂಟೋ? ಆಯ್ತು, ಉಪದ್ರ ಕೊಡುವುದಿಲ್ಲ."

ಶನಿವಾರ: "ನಾನು ಹದಿಮೂರನೇ ಪುಟದಲ್ಲಿ ಒಂದು ತಪ್ಪು ತೋರಿಸಿದ್ದಕ್ಕೆ ಬೇಜಾರಾಯ್ತಾ? ಅದು ತಪ್ಪೇ ಅಲ್ಲ ಅಂತ ಇಟ್ಟುಕೊಳ್ಳುವ."

ಭಾನುವಾರ: "ಇವತ್ತೂ ಹಸಿರು. ಇಗರ್ಜಿಗೆ ಹೋಗಲಿಲ್ಲವಾ? ಹುಷಾರಿಲ್ಲವಾ? ಒಂದು ಅಕ್ಷರ ಬರೆದರೆ ಸಾಕು."

ಸೋಮವಾರ ಬೆಳಿಗ್ಗೆ: "ನಾಲ್ಕು ದಿನ ನಾನು ಗೋಡೆಯ ಹತ್ತಿರ ಹೇಳಿದ ಹಾಗೆ ಆಯ್ತು. ಈ ಮನೆಯಲ್ಲಿ ನನಗೆ ಬೇರೆ ಯಾರ ಹತ್ತಿರ ಹೇಳಲಿಕ್ಕೂ ಇಲ್ಲ."

ಅದರ ಕೆಳಗೆ ಆ ಸಾಲು. ನನ್ನೊಟ್ಟಿಗೆ ಸಂಸಾರ ಮಾಡಲು ಇಷ್ಟ ಇಲ್ಲವಾ ಮಾಷೇ?

ಮಲಯಾಳದಲ್ಲಿ ಸಂಸಾರ ಎಂದರೆ ಮಾತು! ಸಂಸಾರಿಸುವುದೆಂದರೆ ಮಾತಾಡುವುದು. ಇಲ್ಲಿ ಹಾಲು ಹಾಕುವವನಿಗೂ, ಬಸ್ಸಿನ ಕಂಡಕ್ಟರನಿಗೂ ಗೊತ್ತಿರುವ ಶಬ್ದ. ಯಾವಾಗಲೂ ಎಚ್ಚರದಿಂದ 'ಮಾತು' ಎಂದೇ ಬರೆಯುತ್ತಿದ್ದ ಟೀಚರಿಗೆ ಮನಸ್ಸು ನೊಂದಾಗ ತಾಯಿನುಡಿ ಬಂದುಬಿಟ್ಟಿದೆ. ಜೀವಮಾನವೆಲ್ಲ ಇಂಥ ಶಬ್ದಗಳನ್ನು ಹಿಡಿದು ಮೆರೆದ ನಾನು ಅದನ್ನು ಓದಿಕೊಂಡದ್ದು ಕನ್ನಡದಲ್ಲಿ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಕಲಗಚ್ಚಿಗೆ ಬಿತ್ತಂತೆ. ಬೇರೆಯವರ ಹಾಳೆಯಲ್ಲಾಗಿದ್ದರೆ ಅರೆಗಣ್ಣಲ್ಲಿ ಹಿಡಿಯುತ್ತಿದ್ದೆ. ನನಗೇ ಬಂದ ಮಾತಾದ್ದರಿಂದ, ಯಾವ ಭಾಷೆಯಲ್ಲಿ ನನಗೆ ಬೇಕಿತ್ತೋ ಆ ಭಾಷೆಯಲ್ಲಿ ಓದಿದೆ.

ನನ್ನ ಉತ್ತರದ ಪಕ್ಕದ ಗಡಿಯಾರ ಈಗ ತಿರುಗತೊಡಗಿತ್ತು. ಅಳಿಸಲು ಕೈ ಹಾಕಿದೆ. ಗಡಿಬಿಡಿಯಲ್ಲಿ ಬೇರೆಲ್ಲೋ ಒತ್ತಿದೆ. ಗಡಿಯಾರ ಹೋಗಿ ಸರಿ ಗುರುತು ಬಂತು. ಹೋಯಿತು. ಜೊತೆಗೆ ನನ್ನ ಮರ್ಯಾದೆಯೂ ಹೋಯಿತು ಎಂದು ಕೈ ತಲೆಗಿಟ್ಟು ಕೂತೆ. ಇನ್ನು ಅವರು ಈ ಕೆಲಸ ಬಿಟ್ಟಾರು, ಮೇಲಿನವರಿಗೆ ದೂರು ಕೊಟ್ಟಾರು. ಎಲ್ಲಕ್ಕಿಂತ ಹೆಚ್ಚಾಗಿ, ಊಟ ಆಯ್ತಾ ಎಂದು ಇನ್ನು ಕೇಳಲಿಕ್ಕಿಲ್ಲ.

ಉತ್ತರ ಬರಲು ಎರಡು ನಿಮಿಷವೂ ಹಿಡಿಯಲಿಲ್ಲ.

"ಅಯ್ಯೋ ಮಾಷೇ, ಇಷ್ಟೇ ಅಲ್ವಾ! ನಾನು ಎಂತೆಲ್ಲ ಎಣಿಸಿ ಹೆದರಿದೆ. ಸಂಸಾರ ಮಾಡಲಿಕ್ಕೆ ಅಭ್ಯಾಸ ಎಂತಕ್ಕೆ? ಬಾಯಿ ಬಿಟ್ಟರೆ ಆಯ್ತು. ನನಗೂ ಒಬ್ಬಳೇ ಇದ್ದು ಅಭ್ಯಾಸ ತಪ್ಪಿಹೋಗಿದೆ. ಮೆಲ್ಲ ಇಬ್ಬರೂ ಕಲಿಯುವ."

ನಾನು ಬರೆದ ಉತ್ತರವನ್ನು ತಿರುಗಿ ಓದಿದೆ, ಈ ಸಲ ಮಲಯಾಳದ ಕಿವಿಯಿಂದ. ಇಷ್ಟ ಉಂಟು, ಯಾರಾದರೂ ಕೇಳಿಯಾರು ಎಂದು ಎಣಿಸಿರಲಿಲ್ಲ, ಅಭ್ಯಾಸ ಇಲ್ಲ, ತಪ್ಪಿದರೆ ಸಹಿಸಿಕೊಳ್ಳಬೇಕು. ಒಂದು ಅಕ್ಷರ ಆಚೀಚೆ ಇರಲಿಲ್ಲ. ನಾನು ಉಳಿದುಕೊಂಡಿದ್ದೆ. ಉಳಿದುಕೊಂಡದ್ದಕ್ಕೆ ಜೋರಾಗಿ ನಗು ಬಂತು. ನಗು ಮುಗಿದ ಮೇಲೆ ಅಳು ಬಂದದ್ದನ್ನು ನಿಮ್ಮ ಹತ್ತಿರ ಯಾಕೆ ಅಡಗಿಸಲಿ? ಸೋಮವಾರದ ಆ ಒಂದು ಮಧ್ಯಾಹ್ನ ಎರಡು ಕೋಣೆ ಸಾಕಾದೀತೇ ಎಂದು ಲೆಕ್ಕ ಹಾಕಿದವನು ನಾನೇ ಅಲ್ಲವೇ.

ಕಿಟಕಿಯಲ್ಲಿ ಇನ್ನೊಂದು ಸಾಲು ಬಿತ್ತು: "ಈ ಸಂಸಾರ ಎಂಬ ಶಬ್ದ ಕನ್ನಡದಲ್ಲಿ ಸರಿ ಉಂಟಾ ಮಾಷೇ? ತಪ್ಪಿದ್ದರೆ ತಿದ್ದಬೇಕು."

ಅಭ್ಯಾಸಬಲದಿಂದ ಬೆರಳು ಆಗಲೇ ಹೊರಟಿತ್ತು. "ಸಂಸಾರ ಅಲ್ಲ ಟೀಚರ್, ಕನ್ನಡದಲ್ಲಿ ಅದಕ್ಕೆ" ಎನ್ನುವವರೆಗೆ ಬರೆದೆ. ಬರೆದದ್ದನ್ನು ಒಂದು ಗಳಿಗೆ ನೋಡಿದೆ. ಒಂದೊಂದೇ ಅಕ್ಷರ ಹಿಂದೆ ಹೋಗಿ ಎಲ್ಲವನ್ನೂ ಅಳಿಸಿದೆ.

"ಸರಿಯಾಗಿಯೇ ಉಂಟು ಟೀಚರ್" ಎಂದು ಬರೆದೆ.